ಶಾಂಪೇನಿನ ನೆಲಮಾಳಿಗೆಗೆ ಇಳಿಯುವ ಸಂಗೀತಗಾರರಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಹಾಡಲು, ನುಡಿಸಲು ಯುರೋಪಿಗೆ ಹೋಗಿ ಬರುವವರು ಈಗ ಅಪರೂಪವಲ್ಲ. ಪ್ಯಾರಿಸ್ಸಿನಲ್ಲಿ ಕಾರ್ಯಕ್ರಮವಿದ್ದು ಒಂದು ದಿನ ಬಿಡುವು ಸಿಕ್ಕಿದರೆ, ಶಾಂಪೇನ್ ಎಂಬ ನೊರೆಯ ವೈನ್ ತಯಾರಾಗುವ ಶಾಂಪೇನ್ ಸೀಮೆಯ ರೀಮ್ಸ್ ಪಟ್ಟಣಕ್ಕೆ ಹೋಗಿ ಅದನ್ನು ಮಾಗಿಸುವ ನೆಲಮಾಳಿಗೆಗಳನ್ನು ನೋಡಿ ಬನ್ನಿ ಎಂದು ನಾನು ಒತ್ತಿ ಹೇಳುತ್ತೇನೆ. ಪ್ಯಾರಿಸ್ಸಿನ ಗಾರ್ ದ ಲೆಸ್ಟ್ ನಿಲ್ದಾಣದಿಂದ ಹೊರಡುವ ಟಿಜಿವಿ ಎಂಬ ಅತಿವೇಗದ ರೈಲು ಸುಮಾರು ಮುಕ್ಕಾಲು ಗಂಟೆಯಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ. ಊರಿನ ಹೆಸರನ್ನು ಅಲ್ಲಿಯವರು ಮೂಗಿನಲ್ಲಿ ‘ರ‍್ಯಾಂಸ್’ ಎಂದು ಉಚ್ಚರಿಸುವುದರಿಂದ, ದಾರಿ ಕೇಳುವಾಗ ಬರೆದು ತೋರಿಸುವುದು ಒಳ್ಳೆಯದು.

ದಿನವನ್ನು ಆರಿಸುವುದರಲ್ಲಿಯೇ ಅರ್ಧ ಕೆಲಸವಿದೆ. ಕಾರ್ಯಕ್ರಮದ ದಿನ ನೆಲಮಾಳಿಗೆಗೆ ಹೋಗಲೇಬಾರದು, ಮರುದಿನವೇ ಸರಿ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಸಂಘಟಕರು ಪ್ರೀತಿಯಿಂದಲೇ ಏರ್ಪಡಿಸಿದ್ದ ಬೆಳಗಿನ ಭೇಟಿಗೆ, ವಾಹನದಲ್ಲಿ ಬಿಟ್ಟು ಹೋಗಲು ಮನಸ್ಸಾಗದೆ, ತಬಲಾದ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಇಳಿದೆ. ಒಂದೂವರೆ ಗಂಟೆ ಕಳೆದು ಮೇಲೆ ಬಂದು ಬೆರಳಿಟ್ಟಾಗ, ಕಪ್ಪು ಒಂದಕ್ಕೆ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಕೀಲಿಯ ಸ್ವರಕ್ಕೆ, ಕೂಡಿಸಿದ್ದ ಪುಡಿ (ತಬಲಾದ ಬಾಯಿಗೆ ಬಿಗಿದ ಚರ್ಮ) ಸಡಿಲಾಗಿ ಸ್ವರ ಇಳಿದುಹೋಗಿತ್ತು. ಪಕ್ಕದ ಮರದ ಗಟ್ಟೆ ಹೊಡೆದು, ಚರ್ಮದಂಚಿನ ಹೆಣಿಗೆಯಾದ ಗಜರಾ ತಟ್ಟಿ ಸ್ವರ ಏರಿಸಿದೆ. ಸಂಜೆ ಸಭಾಂಗಣದ ಹೀಟರಿನ ಒಣ ಶಾಖಕ್ಕೆ ಅದೇ ಚರ್ಮ ಬಿಗಿದುಕೊಂಡು ಸ್ವರ ಮತ್ತೆ ಮೇಲಕ್ಕೆ ಹೋಯಿತು. ಹಾಡುವವರು ನಿಧಾನಗತಿಯ ವಿಲಂಬಿತದ ನಡುವೆ ಎರಡು ಸಲ ಕಾಯಬೇಕಾಯಿತು.

ಮಳೆಗಾಲದಲ್ಲಿ ತಬಲಾ ಪೆಟ್ಟಿಗೆಯೊಳಗೆ ಬಲ್ಬು ಉರಿಸಿಟ್ಟು ಬೆಳೆದ ನಮಗೆ ತೇವವೆಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಆದರೆ ಆಷಾಢದ ತೇವ ನಿಧಾನವಾಗಿ ಬರುತ್ತದೆ, ವಾದ್ಯವೂ ಅದಕ್ಕೆ ಒಗ್ಗಿಕೊಳ್ಳುತ್ತದೆ. ನೆಲಮಾಳಿಗೆಯಲ್ಲಿ ತೇವದ ಜೊತೆಗೆ ಥಂಡಿಯೂ ಒಟ್ಟಿಗೇ ಬಂದು ಬೀಳುತ್ತದೆ. ಆದ್ದರಿಂದ ವಾದ್ಯಗಳು ಹೋಟೆಲಿನ ಕೋಣೆಯಲ್ಲಿಯೇ, ಹೀಟರಿನಿಂದ ದೂರ, ಮುಚ್ಚಿದ ಪೆಟ್ಟಿಗೆಯಲ್ಲಿ ಇರಲಿ. ತಾನಪೂರದ ತಂತಿಗಳನ್ನು ಸ್ವಲ್ಪ ಇಳಿಸಿಡಿ. ಅನಿವಾರ್ಯವಾಗಿ ಯಾವುದಾದರೂ ವಾದ್ಯ ಥಂಡಿಯಿಂದ ಬೆಚ್ಚಗಿನ ಕೋಣೆಗೆ ಬಂದರೆ ಪೆಟ್ಟಿಗೆಯನ್ನು ತಕ್ಷಣ ತೆರೆಯಬೇಡಿ. ಒಂದು ಗಂಟೆ ಹಾಗೆಯೇ ಬಿಟ್ಟರೆ ಮರದ ಮೇಲೆ, ಹಾರ್ಮೋನಿಯಮ್ಮಿನ ಪಟ್ಟಿಗಳ ಮೇಲೆ ನೀರು ಕಟ್ಟುವುದು ತಪ್ಪುತ್ತದೆ.

ಈಗ ಇಳಿಯುವ ವಿಚಾರ. ರೀಮ್ಸಿನ ಸೇಂಟ್ ನಿಕೇಸ್ ಗುಡ್ಡದ ಕೆಳಗಿರುವುದು ನಾವು ಶಾಲೆಯಲ್ಲಿ ಕಂಡ ಸೀಮೆಸುಣ್ಣದಂಥ ಬಿಳಿಯ ಮೆದು ಕಲ್ಲು. ರೋಮನ್ನರ ಕಾಲದಿಂದ ಮಧ್ಯಯುಗದವರೆಗೆ ಕಟ್ಟಡಕ್ಕಾಗಿ ಆ ಕಲ್ಲನ್ನು ತೋಡಿದವರು, ಮೇಲೆ ಬಾಯಿ ಕಿರಿದಾಗಿ ಕೆಳಗೆ ಅಗಲವಾಗುತ್ತ ಹೋಗುವ ಗುಂಡಿಗಳನ್ನು ಉಳಿಸಿಹೋದರು. ಶಾಂಪೇನ್ ಕಂಪನಿಗಳು ಮುಂದೆ ಅವುಗಳನ್ನು ಸುರಂಗಗಳಿಂದ ಜೋಡಿಸಿ ಬಾಟಲಿ ಇಡುವ ಜಾಗ ಮಾಡಿಕೊಂಡವು. ಮೊದಲ ಮಹಾಯುದ್ಧದಲ್ಲಿ ಊರಿನ ಮೇಲೆ ಗುಂಡಿನ ಮಳೆ ಸುರಿಯುತ್ತಿದ್ದಾಗ ಜನರು ಇಲ್ಲಿಯೇ ಬದುಕಿದರು, ಮಕ್ಕಳ ಶಾಲೆಗಳೂ ಇಲ್ಲಿಯೇ ನಡೆದವು. 2015ರಲ್ಲಿ ಯುನೆಸ್ಕೋ ಈ ಸೀಮೆಯ ದ್ರಾಕ್ಷಿ ಇಳಿಜಾರು, ಶಾಂಪೇನ್ ತಯಾರಿಸುವ ಮನೆತನಗಳ ಕಟ್ಟಡ ಮತ್ತು ನೆಲಮಾಳಿಗೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳಗೆ ವರ್ಷವಿಡೀ ಸುಮಾರು 10ರಿಂದ 12 ಡಿಗ್ರಿಯ ಥಂಡಿ. ಆ ಏರಿಳಿತವಿಲ್ಲದ ಗುಣಕ್ಕಾಗಿಯೇ ವೈನ್ ಅಲ್ಲಿ ಮಲಗುತ್ತದೆ: ಬಾಟಲಿಯೊಳಗೆ ಎರಡನೆಯ ಸಲ ಹುದುಗು ಬಂದು ನೊರೆ ಹುಟ್ಟುತ್ತದೆ; ಬಾಟಲಿಗೆ ತುಂಬಿದಂದಿನಿಂದ ಸಾಮಾನ್ಯ ಶಾಂಪೇನ್ ಕೂಡ ಕಡಿಮೆಯೆಂದರೆ 15 ತಿಂಗಳು ಮಾಗಬೇಕು, ಒಂದೇ ವರ್ಷದ ಬೆಳೆಯಿಂದ ಮಾಡಿ ಆ ವರ್ಷದ ಹೆಸರು ಹೊತ್ತದ್ದಾದರೆ 3 ವರ್ಷ.

ಭೇಟಿಯನ್ನು ಕೆಲವು ವಾರ ಮೊದಲೇ ಕಾದಿರಿಸಬೇಕು. ಇಂಗ್ಲಿಷಿನಲ್ಲಿ ವಿವರಿಸುವ ಗುಂಪನ್ನೇ ಕೇಳಿ. ಹೊರಗೆ ಸೆಖೆಯಿದ್ದರೂ ಸ್ವೆಟರ್ ಇರಲಿ. ಹಾಡುವವರು ಕುತ್ತಿಗೆಗೆ ಶಾಲು ಸುತ್ತಿಕೊಂಡೇ ಇಳಿಯಬೇಕು ಮತ್ತು ಮೇಲೆ ಬಂದ ಕೂಡಲೇ ಬಿಸಿನೀರು ಕುಡಿಯಬೇಕು. ಪೊಮ್ಮೆರಿ ಮನೆತನದಲ್ಲಿ ಕೆಳಗೆ ಹೋಗಲು 116 ಮೆಟ್ಟಿಲುಗಳಿವೆ. ದಶಕಗಳ ಕಾಲ ಚಕ್ಕಳಮಕ್ಕಳ ಹಾಕಿ ಕುಳಿತ ಮೊಣಕಾಲುಗಳಿಗೆ ಇದು ಸಣ್ಣ ಮಾತಲ್ಲವಾದ್ದರಿಂದ, ಕಾದಿರಿಸುವಾಗಲೇ ಮೆಟ್ಟಿಲು ಎಷ್ಟು, ಲಿಫ್ಟ್ ಉಂಟೋ ಇಲ್ಲವೋ ಎಂದು ವಿಚಾರಿಸಿ. ಚಪ್ಪಲಿ ಬೇಡ; ನೆಲ ಒದ್ದೆಯಾಗಿರುತ್ತದೆ, ರಬ್ಬರ್ ಅಟ್ಟೆಯ ಬೂಟು ಬೇಕು.

ಕೆಳಗೆ ಹೋದ ಮೇಲೆ ಫೋಟೊ ತೆಗೆಯುವ ಅವಸರ ಬಿಟ್ಟು ಸ್ವಲ್ಪ ನಿಂತು ಕೇಳಿ. ಏಣಿಯಂತೆ ಒಂದಕ್ಕೊಂದು ಆನಿಸಿದ ಮರದ ಹಲಗೆಗಳ ತೂತುಗಳಲ್ಲಿ ಬಾಟಲಿಗಳು ತಲೆಕೆಳಗಾಗಿ ಓರೆಯಾಗಿ ನಿಂತಿರುತ್ತವೆ. ಹುದುಗಿನ ಗಷ್ಟು ಬಾಟಲಿಯ ಕುತ್ತಿಗೆಗೆ ಇಳಿಯಲೆಂದು ಅವುಗಳನ್ನು ವಾರಗಟ್ಟಲೆ ದಿನವೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾರೆ. ಈಗ ಬಹುಪಾಲು ಈ ಕೆಲಸ ಯಂತ್ರದ್ದು. ಆದರೂ ನನಗೆ ಒಬ್ಬರು ಕೈಯಲ್ಲಿ ಮಾಡಿ ತೋರಿಸಿದರು. ಎರಡೂ ಕೈಗಳಲ್ಲಿ ಒಂದೊಂದು ಬಾಟಲಿ ಹಿಡಿದು, ಕಿರಿದಾದ ಒಂದು ತಿರುವು ಕೊಟ್ಟು, ಮರಕ್ಕೆ ‘ಟಕ್’ ಎಂದು ಬಿಡುವ ಆ ಸದ್ದು ಎಡಬಲದ ತೂಕ ತಪ್ಪದೆ, ಲಯ ಜಾರದೆ ಸಾಲಿನುದ್ದಕ್ಕೂ ಸಾಗಿತು. ನಾನು ಅರಿವಿಲ್ಲದೆ ಬೆರಳಲ್ಲಿ ತಾಳದ ಮಾತ್ರೆ ಎಣಿಸುತ್ತಿದ್ದೆ. ನಮ್ಮ ಜೊತೆಗಿದ್ದ ಗಾಯಕರು ಅಪ್ಪಣೆ ಪಡೆದು ಗುಂಡಿಯ ನಡುವೆ ನಿಂತು ಮಂದ್ರದ ಷಡ್ಜವನ್ನು, ಅಂದರೆ ಕೆಳಗಿನ ‘ಸ’ವನ್ನು, ಮೆಲ್ಲಗೆ ಹಿಡಿದಾಗ ಸ್ವರ ಕಿರಿದಾದ ಬಾಯಿಯವರೆಗೆ ಏರಿ, ಅವರು ಉಸಿರು ಬಿಟ್ಟ ಮೇಲೆ ನಿಧಾನವಾಗಿ ಇಳಿದು ಬಂತು. ನೀವೂ ಕೇಳಿ ನೋಡಿ, ಆದರೆ ಅಪ್ಪಣೆಯಿಲ್ಲದೆ ಹಾಡಬೇಡಿ, ಗಟ್ಟಿ ತಾನ ಬೇಡ, ಒಂದು ಸ್ವರ ಸಾಕು.

ಕೊನೆಯಲ್ಲಿ ರುಚಿ ನೋಡಲು ಲೋಟ ಕೊಡುತ್ತಾರೆ. ನಮ್ಮಲ್ಲಿ ಕುಡಿಯದವರೇ ಹೆಚ್ಚು, ಅದಕ್ಕೆ ಸಂಕೋಚಪಡಬೇಕಾಗಿಲ್ಲ. ಮೊದಲೇ ತಿಳಿಸಿಬಿಡಿ, ಲೋಟ ಬೇಡವೆಂದವರನ್ನು ಅಲ್ಲಿ ಯಾರೂ ಬೇರೆ ಕಣ್ಣಿನಿಂದ ನೋಡಿದ್ದನ್ನು ನಾನು ಕಂಡಿಲ್ಲ. ರುಚಿ ನೋಡುವವರು ಆ ದಿನ ಅತ್ತರು ಹಚ್ಚಬಾರದು, ಏಕೆಂದರೆ ಅದು ನಿಮ್ಮ ಮೂಗನ್ನಷ್ಟೇ ಅಲ್ಲ, ಪಕ್ಕದವರ ಮೂಗನ್ನೂ ಕೆಡಿಸುತ್ತದೆ. ಕವಳವನ್ನಂತೂ ಬೆಳಗಿನಿಂದಲೇ ಬಿಡಬೇಕು. ಸುಣ್ಣ, ಅಡಿಕೆಯ ಒಗರು ಕೂತ ನಾಲಿಗೆಗೆ ದ್ರಾಕ್ಷಿಯ ಹುಳಿ ತಿಳಿಯುವುದಿಲ್ಲ. ಬಾಯಲ್ಲಿ ಆಡಿಸಿ ಅಲ್ಲಿಟ್ಟ ಪೀಕದಾನಿಗೆ ಉಗುಳುವುದು ಆ ಕಸುಬಿನವರ ರೂಢಿಯೇ ಆದ್ದರಿಂದ ಅವಮರ್ಯಾದೆಯೆಂದು ತಿಳಿಯಬೇಡಿ. ಮದ್ಯ ಗಂಟಲನ್ನು ಒಣಗಿಸುತ್ತದೆ. ಮರುದಿನ ಹಾಡಬೇಕಾದವರು ನುಂಗದಿರುವುದೇ ಲೇಸು.

ಊರಿಗೆ ಬಾಟಲಿ ತರುವುದಾದರೆ ಒಬ್ಬರು 2 ಲೀಟರ್ ತನಕ ಸುಂಕವಿಲ್ಲದೆ ತರಬಹುದು. ಅದರೊಳಗೆ ಸುಮಾರು 6 ಅಟ್ಮಾಸ್ಫಿಯರ್, ಅಂದರೆ ಹೊರಗಿನ ಗಾಳಿಯ ಆರು ಪಟ್ಟು, ಒತ್ತಡವಿರುವುದರಿಂದ ವಾದ್ಯದ ಪೆಟ್ಟಿಗೆಯಲ್ಲಿ ಎಂದಿಗೂ ಇಡಬೇಡಿ. ದಪ್ಪ ಪಂಚೆಯಲ್ಲಿ ಸುತ್ತಿ, ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿನ ನಡುವೆ ಇಡಿ. ಮನೆಗೆ ಬಂದ ಮೇಲೆ ಅಟ್ಟಕ್ಕೆ ಏರಿಸಬೇಡಿ, ಮೇ ತಿಂಗಳ ಬಿಸಿಗೆ ಅದು ಕೆಟ್ಟುಹೋಗುತ್ತದೆ. ಕೆಳಗಿನ ಕತ್ತಲೆ ಕೋಣೆಯಲ್ಲಿ, ಮಣ್ಣಿನ ಗೋಡೆಗೆ ಒತ್ತಿ, ಮಲಗಿಸಿಡಿ.