ದುರ್ಗ, ದಾವಣಗೆರೆಯಿಂದ ವೈಜ್ಞಾನಿಕ ಧಾರಾವಾಹಿ ಬರೆಯುವ ಹೆಣ್ಣುಮಕ್ಕಳಿಗೆ

ಕಿರುತೆರೆಗೆ ವೈಜ್ಞಾನಿಕ ಕಥೆ ಬರೆಯಬೇಕೆಂದಿರುವ ದಾವಣಗೆರೆ, ಚಿತ್ರದುರ್ಗದ ಹೆಣ್ಣುಮಕ್ಕಳನ್ನು ಮೊದಲು ತಡೆಯುವುದು ಖರ್ಚಿನ ಯೋಚನೆ. ಗಗನನೌಕೆ, ಗ್ರಾಫಿಕ್ಸ್ ಬೇಡುವ ಕಥೆಯನ್ನು ಯಾವ ವಾಹಿನಿ ತೆಗೆದುಕೊಂಡೀತು ಎಂದು ಪೆನ್ನು ಕೆಳಗಿಡುತ್ತಾರೆ. ಆದರೆ ಈ ಪ್ರಕಾರದಲ್ಲಿ ಮಹಿಳೆಯರು ಬರೆದ ಅತ್ಯುತ್ತಮ ಸಂಚಿಕೆಗಳು ವಿಜ್ಞಾನದ ಒಂದು ಸಂಗತಿ ಒಬ್ಬ ವ್ಯಕ್ತಿಯನ್ನು ಕಠಿಣ ನಿರ್ಧಾರದ ಮುಂದೆ ತಂದು ನಿಲ್ಲಿಸುವ ಗಳಿಗೆಯನ್ನೇ ನಂಬಿ ನಿಂತಿವೆ. ಆದ್ದರಿಂದ ಮೊದಲು ಹುಡುಕಬೇಕಾದದ್ದು ಆ ಗಳಿಗೆಯನ್ನು.

ಡೊರೊಥಿ ಫೊಂಟಾನಾ ಅಮೆರಿಕದ ‘ಸ್ಟಾರ್ ಟ್ರೆಕ್’ ಸರಣಿಗೆ ಬರೆದ, 1967ರ ನವೆಂಬರ್‌ನಲ್ಲಿ ಪ್ರಸಾರವಾದ ಒಂದು ಸಂಚಿಕೆಯನ್ನು ಗಮನಿಸಿ. ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾದ ತಂದೆಗೆ ಅಪರೂಪದ ಗುಂಪಿನ ರಕ್ತ ಬೇಕು. ಅದನ್ನು ಕೊಡಬಲ್ಲವನು ಮಗ ಸ್ಪಾಕ್ ಒಬ್ಬನೇ. ಆದರೆ ಅವನು ಕೆಲಸ ಮಾಡುವ ಗಗನನೌಕೆಯ ನಾಯಕ ಗಾಯಗೊಂಡು ಮಲಗಿರುವುದರಿಂದ, ಅಪಾಯದ ಹೊತ್ತಿನಲ್ಲಿ ಹೊಣೆ ಬಿಟ್ಟು ಹೋಗಲಾರೆನೆಂದು ಮಗ ಪಟ್ಟು ಹಿಡಿಯುತ್ತಾನೆ. ಬೇಡಿಕೊಂಡು ಸೋತ ತಾಯಿ ಅವನ ಕೆನ್ನೆಗೆ ಹೊಡೆಯುತ್ತಾಳೆ. ರಕ್ತದ ಗುಂಪು ಇಲ್ಲಿ ವಿಜ್ಞಾನ. ಕಥೆಯೋ ನಮ್ಮ ಯಾವ ಮನೆಯಲ್ಲಾದರೂ ನಡೆಯಬಹುದಾದದ್ದು. ಕುಟುಂಬದ ಧಾರಾವಾಹಿ ನೋಡುತ್ತಲೇ ಬೆಳೆದ ಕನ್ನಡದ ಬರಹಗಾರ್ತಿಗೆ ಇಂಥ ದೃಶ್ಯ ಕಟ್ಟುವ ಕಸುಬು ಅರ್ಧ ಗೊತ್ತೇ ಇರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಅದೇ ಸರಣಿಯ ಮುಂದುವರಿಕೆಯಾದ ‘ದಿ ನೆಕ್ಸ್ಟ್ ಜನರೇಷನ್’ಗೆ ವಕೀಲಿಕೆ ಬಲ್ಲ ಮೆಲಿಂಡಾ ಸ್ನಾಡ್‌ಗ್ರಾಸ್ ಬರೆದ, 1989ರಲ್ಲಿ ಪ್ರಸಾರವಾದ ಸಂಚಿಕೆಯಂತೂ ಬಹುಪಾಲು ಒಂದು ವಿಚಾರಣೆಯ ಸುತ್ತಲೇ ನಡೆಯುತ್ತದೆ: ಯಂತ್ರಮಾನವ ಒಂದು ಸಂಸ್ಥೆಯ ಆಸ್ತಿಯೋ, ಹಕ್ಕುಳ್ಳ ವ್ಯಕ್ತಿಯೋ?

ಇನ್ನು ನಿಮ್ಮ ಊರಿನ ಸುತ್ತ ನೋಡಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅದೇ ಸೀಮೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊ 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಬಾರಿ, ರೆಕ್ಕೆಯುಳ್ಳ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಹೆಲಿಕಾಪ್ಟರ್‌ನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟು, ಅದು ತಾನಾಗಿ ದಾರಿ ತಿದ್ದಿಕೊಂಡು ರನ್‌ವೇಗೆ ಇಳಿಯುವಂತೆ ಮಾಡಿತು. ದನ, ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿಗೆ ಗೋಡೆ ಬಂದದ್ದೂ ಇಂಥ ಯೋಜನೆಗಳಿಗಾಗಿಯೇ. ಗೋಡೆಯ ಎರಡೂ ಬದಿಯ ಬದುಕನ್ನು ಬಲ್ಲವರು ಬರೆಯದೆ ಬೇರೆ ಯಾರು ಬರೆಯಬೇಕು?

ಕಟ್ಟುವ ಕ್ರಮಕ್ಕೆ ಒಂದು ಮಾದರಿ ಕೊಡುತ್ತೇನೆ. ಜಗಳೂರು ಕಡೆಯ ಗಟ್ಟಿ ಬಂಡೆಯ ನೆಲದಲ್ಲಿ ನೀರು ನಿಲ್ಲುವುದೂ ಹರಿಯುವುದೂ ಬಂಡೆಯ ಬಿರುಕುಗಳಲ್ಲಿ. ಎರಡು ಕೊಳವೆಬಾವಿಗಳು ಒಂದೇ ಬಿರುಕಿಗೆ ತಗುಲಿದ್ದರೆ ಒಂದರ ಮೋಟರು ಓಡಿದಾಗ ಇನ್ನೊಂದರ ನೀರು ಇಳಿಯುತ್ತದೆ. ಇದು ನಿಜವಾದ ವಿಜ್ಞಾನ. ಇದಕ್ಕೆ ಒಂದೇ ಒಂದು ಕಲ್ಪನೆಯನ್ನು ಸೇರಿಸಿ: ಡಿಪ್ಲೊಮಾ ಓದಿದ ಹುಡುಗಿಯೊಬ್ಬಳು ಬಂಡೆಯೊಳಗಿನ ನೀರಿನ ಸದ್ದು ಕೇಳಿಸಿಕೊಳ್ಳುವ ಸಾಧನ ಮಾಡಿದ್ದಾಳೆ. ಕೂಡಲೇ ಅದಕ್ಕೊಂದು ಮಿತಿ ಹಾಕಿ: ಸುತ್ತಲಿನ ಯಾವ ಮೋಟರೂ ಓಡದಿರುವಾಗ ಮಾತ್ರ, ಅಂದರೆ ತ್ರೀ ಫೇಸ್ ಕರೆಂಟ್ ಇಲ್ಲದ ಹೊತ್ತಿನಲ್ಲಿ ಮಾತ್ರ, ಅದು ಕೆಲಸ ಮಾಡುತ್ತದೆ. ಈ ಮಿತಿಯೇ ನಿಮಗೆ ದೃಶ್ಯಗಳನ್ನು ಒದಗಿಸುತ್ತದೆ. ಕರೆಂಟ್ ಯಾವಾಗ ಹೋಗುತ್ತದೆಂದು ಅವಳು ಕಾಯಬೇಕು, ಉಳಿದವರು ಯಾವಾಗ ಬರುತ್ತದೆಂದು ಕಾಯುತ್ತಿರುತ್ತಾರೆ. ಆಮೇಲೆ ನಿರ್ಧಾರ: ತವರಿನ ತೋಟ ಮತ್ತು ಅಕ್ಕನ ಹೊಲ ಒಂದೇ ಬಿರುಕಿನ ನೀರು ಕುಡಿಯುತ್ತಿವೆ ಎಂದು ಅವಳಿಗೆ ತಿಳಿಯುತ್ತದೆ. ಹೇಳಬೇಕೋ ಬೇಡವೋ? ಅನುಕೂಲಕ್ಕೆ ಬೇಕೆಂದು ಹತ್ತನೆಯ ಸಂಚಿಕೆಯಲ್ಲಿ ಆ ಸಾಧನ ಮೋಟರಿನ ಸದ್ದಿನಲ್ಲೂ ಕೇಳಿಸಿಕೊಳ್ಳುವಂತೆ ಮಾಡಿದಿರೋ, ನೋಡುಗರ ನಂಬಿಕೆ ಅಲ್ಲಿಗೆ ಮುಗಿಯಿತು.

ವಿಜ್ಞಾನವನ್ನು ಪಾತ್ರದ ಬಾಯಲ್ಲಿ ಪಾಠದಂತೆ ಹೇಳಿಸಬೇಡಿ. “ಮೋಟ್ರು ಆಫ್ ಮಾಡ್ರಿ, ಏನೂ ಕೇಳ್ಸ್ತಿಲ್ಲ” ಎಂಬ ಒಂದು ಮಾತು ಸಾಧನದ ನಿಯಮವನ್ನೂ ಅವಳ ಆತಂಕವನ್ನೂ ಒಟ್ಟಿಗೆ ತಿಳಿಸುತ್ತದೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಸಮಯ ನೋಡಿಕೊಳ್ಳಿ. ಜಾಹೀರಾತು ಕಳೆದರೆ ಅರ್ಧ ಗಂಟೆಯ ಸಂಚಿಕೆಯಲ್ಲಿ ಉಳಿಯುವುದು ಸುಮಾರು 22 ನಿಮಿಷ. ಹತ್ತಿರದ ಕಾಲೇಜಿನ ಭೂವಿಜ್ಞಾನ ಅಥವಾ ಭೌತಶಾಸ್ತ್ರದ ಅಧ್ಯಾಪಕರಿಗೊಮ್ಮೆ ತೋರಿಸಿ.

ಒಂದೆರಡು ಸಂಚಿಕೆಗಳನ್ನಾದರೂ ಪೂರ್ತಿ ಬರೆಯದೆ ಯಾರಿಗೂ ಕಥೆ ಹೇಳಬೇಡಿ. ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯವೊಂದರ ಗ್ರಂಥಪಾಲಕಿ ಜೀನ್ ಲಿಸೆಟ್ ಅರೋಸ್ಟ್ ಯಾರೂ ಕೇಳದೆಯೇ ಬರೆದು ಕಳುಹಿಸಿದ ಚಿತ್ರಕಥೆ 1968ರಲ್ಲಿ ‘ಸ್ಟಾರ್ ಟ್ರೆಕ್’ನಲ್ಲಿ ಪ್ರಸಾರವಾಯಿತು, ಅವರ ಇನ್ನೊಂದು ಮರುವರ್ಷ ಬಂತು. ಪೂರ್ತಿ ಬರೆಯುವುದಕ್ಕೆ ಕಾನೂನಿನ ಕಾರಣವೂ ಇದೆ: ಬರಿಯ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ರೂಪಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿಯೇ ಸ್ಪಷ್ಟಪಡಿಸಿದೆ.

ಹೆಸರಿನ ವಿಷಯದಲ್ಲಿ ಸಂಕೋಚ ಬೇಡ. ಕಾರ್ಯದರ್ಶಿಯ ಕೆಲಸದಿಂದ ಮೇಲೆ ಬಂದ ಫೊಂಟಾನಾ, ಹೆಣ್ಣೆಂದು ತಿಳಿದರೆ ಓದುವ ಮೊದಲೇ ತೀರ್ಮಾನಿಸಿಬಿಡುತ್ತಾರೆಂದು ‘ಡಿ. ಸಿ.’ ಎಂಬ ಮೊದಲಕ್ಷರಗಳನ್ನು ಬಳಸಿದರು. ಬ್ರಿಟನ್ನಿನಲ್ಲಿ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಧಾರಾವಾಹಿ 1963ರಲ್ಲಿ ಆರಂಭವಾದಾಗ ಅದರ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಹಾಗಿದ್ದೂ ಒಂದಿಡೀ ಕಥೆಗೆ ಮಹಿಳೆಯೊಬ್ಬರ ಹೆಸರು ಮಾತ್ರವೇ ತೆರೆಯ ಮೇಲೆ ಬಂದದ್ದು 1983ರಲ್ಲಿ, ಬಾರ್ಬರಾ ಕ್ಲೆಗ್ ಅವರದು. ಕನ್ನಡ ಧಾರಾವಾಹಿಗಳಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆಗೆ ಬೇರೆ ಬೇರೆ ಹೆಸರು ಬರುವುದುಂಟು. ಈ ಮೂರರಲ್ಲಿ ನಿಮ್ಮದು ಯಾವುದು ಎಂಬುದು ಒಪ್ಪಂದದಲ್ಲಿಯೇ ಇರಲಿ. ಯಾವ ಹಕ್ಕು, ಎಷ್ಟು ಅವಧಿಗೆ, ಯಾವ ಪ್ರದೇಶಕ್ಕೆ, ಎಷ್ಟು ಹಣಕ್ಕೆ ಎಂಬುದನ್ನೂ ಬರೆಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅವಧಿ ನಮೂದಿಸದಿದ್ದರೆ ಹಕ್ಕು ವರ್ಗಾವಣೆಯನ್ನು ಐದು ವರ್ಷಕ್ಕೆಂದೇ ಪರಿಗಣಿಸಲಾಗುತ್ತದೆ. 2012ರ ತಿದ್ದುಪಡಿ ಲೇಖಕರಿಗೆ ರಾಯಧನದ ಹಕ್ಕನ್ನು ಕೊಟ್ಟು, ಅದನ್ನು ನಿರ್ಮಾಪಕರಿಗೆ ಬಿಟ್ಟುಕೊಡದಂತೆ ಕಾಪಾಡಿದೆ. ಈ ಎರಡು ಅಂಶಗಳನ್ನು ಹತ್ತಿರದ ವಕೀಲರೊಬ್ಬರೊಂದಿಗೆ ಕುಳಿತು ಓದಿಕೊಂಡ ಮೇಲೆಯೇ ಸಹಿ ಹಾಕಿ.