ಕ್ರೈಸಿಸ್ ತಂಡದ ಖರ್ಚಿಗೆ ಖಾಸಗಿ ವಿಮೆಯಿಂದ ವಂತಿಗೆ: ನಿಮ್ಮ ರಾಜ್ಯದಲ್ಲಿ ತರುವುದು ಹೇಗೆ?

ರಾತ್ರಿ ಎರಡು ಗಂಟೆ. ಹತ್ತೊಂಬತ್ತರ ಹುಡುಗ ಅಡುಗೆಮನೆಯ ನೆಲದ ಮೇಲೆ ಕೂತು, ಬದುಕೋದೇ ಬೇಡ ಅನ್ನುತ್ತಿದ್ದಾನೆ. ಅಮ್ಮ 988ಕ್ಕೆ, ಅಂದರೆ ಅಮೆರಿಕದ ಆತ್ಮಹತ್ಯೆ ಮತ್ತು ಮಾನಸಿಕ ಬಿಕ್ಕಟ್ಟಿನ ಸಹಾಯವಾಣಿಗೆ, ಫೋನ್ ಮಾಡಿದ್ದಾರೆ. ಇಂಥ ಹೊತ್ತಿನಲ್ಲಿ ಮನೆಗೇ ಬಂದು ನೆರವಾಗುವ ಇಬ್ಬರ ಮೊಬೈಲ್ ಕ್ರೈಸಿಸ್ ತಂಡ ಬರುತ್ತದೆ, ಒಬ್ಬರು ಅವನ ಪಕ್ಕದಲ್ಲೇ ನೆಲಕ್ಕೆ ಕೂರುತ್ತಾರೆ. ಆ ಹೊತ್ತಿನಲ್ಲಿ ಇನ್ಶೂರೆನ್ಸ್ ಕಾರ್ಡ್ ತೋರಿಸಿ ಅಂತ ಯಾರೂ ಕೇಳಬಾರದು. ಆದರೆ ಆ ತಂಡದ ಸಂಬಳ ಎಲ್ಲಿಂದ ಬರುತ್ತದೆ? ಕೇಂದ್ರ, ರಾಜ್ಯ ಸರ್ಕಾರಗಳು ಸೇರಿ ಕಡಿಮೆ ಆದಾಯದವರಿಗೆ ನಡೆಸುವ ಮೆಡಿಕೈಡ್ ವಿಮೆಯಲ್ಲಿ ಹುಡುಗ ಇದ್ದರೆ ಸಾಮಾನ್ಯವಾಗಿ ಮೆಡಿಕೈಡ್ ಕೊಡುತ್ತದೆ. ಅಪ್ಪನ ಕಂಪನಿಯ ವಿಮೆಯಲ್ಲಿದ್ದರೆ ಎಷ್ಟೋ ಕಡೆ ಬಿಡಿಗಾಸೂ ಬರುವುದಿಲ್ಲ. ರಾಜ್ಯವೋ ಕೌಂಟಿಯೋ ತನ್ನ ಬೊಕ್ಕಸದಿಂದ ತುಂಬಿಕೊಳ್ಳಬೇಕು.

ಪ್ರೀಮಿಯಂ ತಗೊಂಡವರು ಪಾಲು ಕೊಡಲಿ ಅನ್ನುವುದೇ ಈ ವಂತಿಗೆಯ ತಿರುಳು. ಇಂಗ್ಲಿಷ್‌ನಲ್ಲಿ ಇದಕ್ಕೆ ಅಸೆಸ್‌ಮೆಂಟ್ ಅನ್ನುತ್ತಾರೆ. ಒಂದೊಂದು ರೋಗಿಗೆ ಒಂದೊಂದು ಬಿಲ್ ಕಳಿಸುವ ಬದಲು, ವಿಮೆ ಕಂಪನಿಗಳು ರಾಜ್ಯದಲ್ಲಿ ತಮ್ಮ ಸದಸ್ಯರು ಎಷ್ಟು ಜನರಿದ್ದಾರೋ ಅಷ್ಟು ತಲೆಗೆ ಇಂತಿಷ್ಟು ಅಂತ ಒಂದು ನಿಧಿಗೆ ಕಟ್ಟುತ್ತವೆ. ಬಿಲ್ ಯಾಕೆ ಸಾಲದು ಅಂದರೆ, ತಂಡ ಕರೆ ಬಂದಾಗ ಮಾತ್ರ ಅಲ್ಲ, ಬಾರದಿದ್ದಾಗಲೂ ಎಚ್ಚರವಾಗಿ ಕೂತಿರಬೇಕು, ಅಗ್ನಿಶಾಮಕ ದಳದ ಹಾಗೆ.

ಮೊದಲ ಕೆಲಸ, ನಿಮ್ಮ ರಾಜ್ಯದ ಲೆಕ್ಕ ಹಿಡಿಯಿರಿ. 988 ಕೇಂದ್ರ, ಮೊಬೈಲ್ ತಂಡ, ಒಂದೆರಡು ದಿನ ಉಳಿಸಿಕೊಳ್ಳುವ ಕೇಂದ್ರ, ಮೂರಕ್ಕೂ ವರ್ಷಕ್ಕೆ ಎಷ್ಟು ಬೇಕು, ಸೇವೆ ಪಡೆದವರಲ್ಲಿ ಖಾಸಗಿ ವಿಮೆಯವರು ಎಷ್ಟು ಜನ ಅಂತ ರಾಜ್ಯದ ಆರೋಗ್ಯ ಇಲಾಖೆಗೆ ಬರೆದು ಕೇಳಿ. ಉದಾಹರಣೆಗೆ ಖಾಸಗಿ ವಿಮೆಯವರ ಪಾಲು 1.2 ಕೋಟಿ ಡಾಲರ್, ಅಂಥ ವಿಮೆಯಿರುವವರು 20 ಲಕ್ಷ ಅಂತಿಟ್ಟುಕೊಳ್ಳಿ. ತಲೆಗೆ ವರ್ಷಕ್ಕೆ 6 ಡಾಲರ್, ತಿಂಗಳಿಗೆ 50 ಸೆಂಟ್. ಈ ಒಂದು ಅಂಕಿ ನಿಮ್ಮ ಕೈಯಲ್ಲಿರಲಿ, ಮುಂದಿನ ಎಲ್ಲಾ ಮಾತುಕತೆಗೂ ಅದೇ ಬೇಕು.

ಎಲ್ಲೂ ಇಲ್ಲದ್ದನ್ನು ನೀವು ಕೇಳುತ್ತಿಲ್ಲ. ವಾಷಿಂಗ್ಟನ್ ರಾಜ್ಯ 2020ರಲ್ಲೇ ಇಂಥ ಕಾನೂನು ಮಾಡಿತು. ಅದು ಕ್ರೈಸಿಸ್ ತಂಡಕ್ಕಲ್ಲ, ಮಕ್ಕಳ ವೈದ್ಯರು ಮನೋವೈದ್ಯರಿಗೆ ಫೋನ್ ಮಾಡಿ ಸಲಹೆ ಪಡೆಯುವ ಸೇವೆಗೆ, ಆದರೆ ಲೆಕ್ಕ ಹಾಕುವ ರೀತಿ ಇದೇ. ಮ್ಯಾಸಚೂಸೆಟ್ಸ್ ಇನ್ನೂ ಹತ್ತಿರ ಬಂದಿದೆ: ಅಲ್ಲಿ 2023ರ ಜನವರಿಯಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿಗೆ ಖಾಸಗಿ ವಿಮೆಗಳ ವಂತಿಗೆಯ ನಿಧಿಯಿಂದ ಹಣ ಬರುತ್ತದೆ. ಎರಡೂ ಕಾನೂನು ಇಳಿಸಿಕೊಂಡು ಓದಿ.

ಈಗ ಕಷ್ಟದ ಭಾಗ. ಇಲ್ಲಿ ಎಡವಿದರೆ ಅರ್ಧಕ್ಕಿಂತ ಜಾಸ್ತಿ ಹಣ ಕೈತಪ್ಪುತ್ತದೆ. ಅಮೆರಿಕದಲ್ಲಿ ಕೆಲಸದ ಮೂಲಕ ವಿಮೆ ಪಡೆಯುವವರಲ್ಲಿ ಶೇಕಡಾ 60ಕ್ಕೂ ಹೆಚ್ಚು ಜನರ ಆಸ್ಪತ್ರೆ ಖರ್ಚನ್ನು ಕೆಲಸ ಕೊಟ್ಟ ಕಂಪನಿಯೇ ಹೊರುತ್ತದೆ, ಕಾರ್ಡಿನ ಮೇಲಿರುವ ವಿಮೆ ಹೆಸರು ಬರೀ ಲೆಕ್ಕಪತ್ರ ನೋಡಿಕೊಳ್ಳುವವರದು. ಇವನ್ನು ಸೆಲ್ಫ್ ಫಂಡೆಡ್ ಪ್ಲಾನ್ ಅನ್ನುತ್ತಾರೆ. 1974ರ ಎರಿಸಾ ಅನ್ನುವ ಕೇಂದ್ರ ಕಾನೂನಿನಿಂದಾಗಿ, ಇಂಥದ್ದಕ್ಕೆ ವಿಮೆ ಕೊಡಲೇಬೇಕು ಅಂತ ರಾಜ್ಯ ಇವಕ್ಕೆ ಹೇಳುವ ಹಾಗಿಲ್ಲ. ಆದರೆ ಎಲ್ಲರಿಗೂ ಒಂದೇ ಥರ ಹಾಕುವ ವಂತಿಗೆಯ ಕಥೆ ಬೇರೆ. 1995ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆ ಸರ್‌ಚಾರ್ಜ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಪರ ನಿಂತಿತು. ವಿಮೆ ಕ್ಲೇಮ್‌ಗಳ ಮೇಲೆ ಮಿಷಿಗನ್ ಹಾಕಿದ್ದ ತೆರಿಗೆಯನ್ನು ಅಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟ್ ಎತ್ತಿಹಿಡಿಯಿತು. ಹಾಗಾಗಿ ಮಸೂದೆಯಲ್ಲಿ ‘ವಿಮೆ ಕಂಪನಿಗಳು’ ಅಂತಷ್ಟೇ ಬರೆದು ಬಿಡಬೇಡಿ. ಸೆಲ್ಫ್ ಫಂಡೆಡ್ ಪ್ಲಾನ್‌ಗಳನ್ನೂ, ಅವುಗಳ ಲೆಕ್ಕ ನೋಡಿಕೊಳ್ಳುವ ಥರ್ಡ್ ಪಾರ್ಟಿ ಅಡ್ಮಿನಿಸ್ಟ್ರೇಟರ್‌ಗಳನ್ನೂ ಹೆಸರಿಟ್ಟು ಸೇರಿಸಿ. ಎರಿಸಾ ಗೊತ್ತಿರುವ ವಕೀಲರಿಗೆ ತೋರಿಸದೆ ಮುಂದೆ ಹೋಗಬೇಡಿ.

ಇನ್ನೊಂದು ಮಾತು ವಕೀಲರ ಹತ್ತಿರವೇ ಕೇಳಿ. ಈ ಹಣವನ್ನು ಮೆಡಿಕೈಡ್‌ಗೆ ರಾಜ್ಯದ ಪಾಲಾಗಿ ತೋರಿಸುವ ಆಸೆ ಯಾರಿಗಾದರೂ ಬಂದರೆ, 1991ರಿಂದ ಇರುವ ಕೇಂದ್ರದ ಬಿಗಿ ನಿಯಮಗಳು ಅಡ್ಡ ಬರುತ್ತವೆ, 2025ರಲ್ಲಿ ಅವು ಇನ್ನೂ ಬಿಗಿಯಾಗಿವೆ. ಬೇರೆ ಇಡುವುದೇ ಕ್ಷೇಮ ಅಂತ ನನ್ನ ಅಭಿಪ್ರಾಯ.

ನಿಧಿಗೆ ಬೀಗ ಹಾಕಿ. ತುರ್ತು ಕರೆಯ ಸಂಖ್ಯೆ 911ಕ್ಕೆ ಅಂತ ಫೋನ್ ಬಿಲ್ಲಿನಲ್ಲಿ ವಸೂಲಾದ ದುಡ್ಡನ್ನು ಬೇರೆ ಕೆಲಸಕ್ಕೆ ತಿರುಗಿಸಿದ ರಾಜ್ಯಗಳು ಅಂತ ನ್ಯೂಯಾರ್ಕ್, ನ್ಯೂಜೆರ್ಸಿಗಳ ಹೆಸರು ಕೇಂದ್ರದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿಯ ವರದಿಗಳಲ್ಲೇ ಬಂದಿದೆ. ಪ್ರತ್ಯೇಕ ಖಾತೆ, ವರ್ಷಕ್ಕೊಂದು ಬಹಿರಂಗ ಲೆಕ್ಕ, ಉಳಿದ ಹಣ ಮುಂದಿನ ವರ್ಷದ ದರದಿಂದ ಕಳೆಯಬೇಕು, ರಾಜ್ಯ ಈಗ ಕೊಡುತ್ತಿರುವ ಹಣ ಕಡಿಮೆ ಮಾಡಬಾರದು. ಈ ನಾಲ್ಕನ್ನೂ ಕಾನೂನಿನಲ್ಲೇ ಬರೆಸಿ. ಆಮೇಲೆ ನೋಡೋಣ ಅಂದರೆ ಬಿಟ್ಟುಕೊಡಬೇಡಿ.

ಪ್ರೀಮಿಯಂ ಏರುತ್ತದೆ ಅಂತ ವಿಮೆಯವರು ಹೇಳೇ ಹೇಳುತ್ತಾರೆ. ಸುಮ್ನೆ ಅಲ್ಲಗಳೆಯಬೇಡಿ, ಸ್ವಲ್ಪ ಏರಬಹುದು. ತಿಂಗಳಿಗೆ ಎಷ್ಟು ಸೆಂಟ್ ಅಂತ ಹೇಳಿ. ತಂಡ ಬಾರದಿದ್ದರೆ ಅದೇ ಹುಡುಗ ಮನೋವೈದ್ಯಕೀಯ ವಾರ್ಡಿನಲ್ಲಿ ಹಾಸಿಗೆ ಸಿಗದೆ ಎಮರ್ಜೆನ್ಸಿ ರೂಮಿನಲ್ಲೇ ದಿನಗಟ್ಟಲೆ ಕಾಯುತ್ತಾನಲ್ವಾ, ಆ ಬಿಲ್ ಇದೇ ವಿಮೆಗೇ ಹೋಗುತ್ತದೆ.

ಸಮಿತಿಯ ಮುಂದೆ ಮಾತಾಡಲು ಎಷ್ಟೋ ಸಲ ಎರಡೇ ನಿಮಿಷ ಸಿಗುತ್ತದೆ. ಒಬ್ಬರೇ ಹೋಗಬೇಡಿ. ಇಂಥ ರಾತ್ರಿ ಕಂಡ ತಾಯಿಯೊಬ್ಬರು ಒಪ್ಪಿದರೆ ಜೊತೆಗೆ ಬರಲಿ, ಮೊಬೈಲ್ ತಂಡದಲ್ಲಿ ಕೆಲಸ ಮಾಡುವವರೊಬ್ಬರು ಬರಲಿ. ಅವರು ಮೊದಲು ಮಾತಾಡಲಿ. ನೀವು ಕೊನೆಗೆ ಎದ್ದು ಆ ಸೆಂಟಿನ ಲೆಕ್ಕ ಹೇಳಿ, ಅದರ ಒಂದು ಪುಟದ ಪ್ರತಿಯನ್ನು ಸಮಿತಿಯ ಎಲ್ಲರ ಕೈಗೂ ಕೊಡಿ.