ಪುಟ್ಟ ದೋಣಿಗೆ ನಾನು ಅಂಟು ಆರಿಸಿದ ಬಗೆ

ಕುಂದಾಪುರದ ಹಿನ್ನೀರಿಗೆಂದು ಇಬ್ಬರು ಕೂರುವಷ್ಟು ದೋಣಿ ಕಟ್ಟಿದೆ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಅಂಟು ತುಂಬುವ ವಿಧಾನ. ನಮ್ಮ ಕರಾವಳಿಯ ಹಳೇ ದೋಣಿಗಳನ್ನೂ ಹೊಲಿಯುತ್ತಿದ್ದರು, ತೆಂಗಿನ ನಾರಿನ ಹಗ್ಗದಿಂದ. ಅಲ್ಲಿ ಹೊಲಿಗೆಯೇ ದೋಣಿಯ ಜೀವ. ಇಲ್ಲಿ ತಂತಿಯ ಕೆಲಸ ಅಂಟು ಗಟ್ಟಿಯಾಗುವ ತನಕ ಮಾತ್ರ. ಆಮೇಲೆ ಭಾರವೆಲ್ಲ ಅಂಟಿನ ಮೇಲೇ.

ಅಂಟು ಕೊಳ್ಳುವಾಗ ಎಲ್ಲರೂ ಕೇಳುವುದು ‘ವಾಟರ್‌ಪ್ರೂಫಾ?’ ಅಂತ. ಅದು ಬೇಕು, ನಿಜ. ಆದರೆ ನಮ್ಮ ಸಂದು ಎಷ್ಟು ಬಿಗಿಯಾಗಿ ಕೂರುತ್ತದೆ, ಅದನ್ನು ಎಷ್ಟು ಒತ್ತಿ ಹಿಡಿಯಬಹುದು ಅನ್ನುವುದನ್ನು ಮೊದಲು ನೋಡಬೇಕು ಅನ್ನುತ್ತೇನೆ ನಾನು. ರಿಸಾರ್ಸಿನಾಲ್ ಅಂಟು ನೀರಿಗೆ ಜಗ್ಗುವುದೇ ಇಲ್ಲ. ಆದರೆ ಸಂದಿನಲ್ಲಿ ಎಡೆ ಇರಬಾರದು, ಕ್ಲಾಂಪ್ ಬಲವಾಗಿ ಬಿಗಿಯಬೇಕು. ಬಾಗಿದ ಪ್ಲೈವುಡ್ ಅಂಚಿಗೆ ಅಷ್ಟು ಕ್ಲಾಂಪ್ ಹಾಕುವುದೆಲ್ಲಿ? ಪಾಲಿಯುರೇಥೇನ್ ನೊರೆಯುಬ್ಬಿ ಸಂದು ತುಂಬಿದ ಹಾಗೆ ಕಾಣುತ್ತದೆ. ಆ ನೊರೆಗೆ ಬಲವಿಲ್ಲ. ಬಡಗಿಗಳು ಬಳಸುವ ಬಿಳಿ ಅಂಟು ಸದಾ ಭಾರ ಬೀಳುವ ಕಡೆ ನಿಧಾನಕ್ಕೆ ಜಾರುತ್ತದೆ.

ಹಾಗಾಗಿ ಎಪಾಕ್ಸಿ, ಅಂದರೆ ರಾಳಕ್ಕೆ ಹಾರ್ಡನರ್ ಅನ್ನುವ ಗಟ್ಟಿಮಾಡುವ ದ್ರವ ಕಲಸಿ ಬಳಸುವ ಅಂಟು. ಪ್ಲೈವುಡ್ ಅಂಚು ಅಂಟನ್ನು ಹೀರುತ್ತದಲ್ವಾ, ಅದಕ್ಕೆ ಮೊದಲು ತೆಳು ಎಪಾಕ್ಸಿಯನ್ನೇ ಬಳಿದೆ. ಆಮೇಲೆ ಸಿಲಿಕಾ ಮತ್ತು ಮರದ ಪುಡಿ ಬೆರೆಸಿ, ಗಟ್ಟಿ ಚಟ್ನಿಯ ಹದಕ್ಕೆ ತಂದು ತುಂಬಿದೆ. ಇದನ್ನು ಹಗುರವಾಗಿ ಒತ್ತಿದರೆ ಸಾಕು. ಜಾಸ್ತಿ ಬಿಗಿದರೆ ಅಂಟೆಲ್ಲ ಹೊರಬಂದು ಸಂದು ಬರಿದಾಗುತ್ತದೆ.

ನಮ್ಮ ಸೆಕೆಗೆ ನಿಧಾನ ಹಾರ್ಡನರ್ರೇ ಸರಿ. ಕಲಸಿದ್ದನ್ನು ಕಪ್ಪಿನಲ್ಲಿ ಬಿಟ್ಟರೆ ತಾನೇ ಕಾದು ಹೊಗೆಯೇಳುತ್ತದೆ. ಸ್ವಲ್ಪಸ್ವಲ್ಪವೇ ಕಲಸಿ, ಅಗಲವಾದ ತಟ್ಟೆಗೆ ಸುರಿದುಕೊಳ್ಳುತ್ತಿದ್ದೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಹೆಚ್ಚಿಗೆ ಸುರಿಯಬೇಡಿ, ಅಂಟು ಮೆತ್ತಗೇ ಉಳಿದೀತು. ಎರಡನ್ನೂ ಬೆರೆಸುವಾಗ ತೂಕದ ಪ್ರಮಾಣ ಬೇರೆ, ಗಾತ್ರದ ಅಳತೆಯ ಪ್ರಮಾಣ ಬೇರೆ. ಡಬ್ಬಿ ಮೇಲೆ ಯಾವುದಿದೆ ಅಂತ ಓದಿಕೊಳ್ಳಿ. ಕೈಗೆ ಗ್ಲೌಸ್ ಇರಲೇಬೇಕು, ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿದರೆ ಮತ್ತೆ ಎಪಾಕ್ಸಿ ಮುಟ್ಟುವ ಹಾಗಿಲ್ಲ. ತೇವದ ಗಾಳಿಗೆ ಕೆಲವು ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ನೀರಿನಿಂದ ತೊಳೆದ ಮೇಲೇ ಉಜ್ಜುಕಾಗದ ಹಿಡಿಯಬೇಕು.

ಇಷ್ಟಕ್ಕೂ ಮೊದಲು ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಗುರುತಿನ ಪ್ಲೈವುಡ್‌ನ ಉಳಿಕೆ ತುಂಡುಗಳನ್ನು ಅಂಟಿಸಿ, ನೆನೆಸಿ, ಬಿಸಿಲಿಗಿಟ್ಟು, ಮತ್ತೆ ನೆನೆಸಿ, ಉಳಿ ಹಾಕಿ ಎಬ್ಬಿಸಿ ನೋಡಿದ್ದೆ. ಮರದ ಎಳೆ ಕಿತ್ತು ಅಂಟಿಗೆ ಹತ್ತಿಕೊಂಡೇ ಬಂತು. ಅಂಟು ನುಣ್ಣಗೆ ಬಿಟ್ಟುಕೊಂಡಿದ್ದರೆ ದೋಣಿಗೆ ಅದನ್ನು ಹಚ್ಚುತ್ತಲೇ ಇರಲಿಲ್ಲ.

ಎಪಾಕ್ಸಿ ಬಿಸಿಲಿಗೆ ಹಾಳಾಗುತ್ತದೆ, ಕಾದರೆ ಮೆತ್ತಗಾಗುತ್ತದೆ. ಅದಕ್ಕೇ ಹೊರಗೆಲ್ಲ ಬಿಳಿ ಪೇಂಟ್ ಹೊಡೆದೆ.